ಕಳುವಾದ ಬೀಕನ್ ಕೂಗಿದಾಗ

ಸೋಮವಾರ ಬೆಳಿಗ್ಗೆ 10:20ಕ್ಕೆ ವಿಹಾರದ ಬೋಟೊಂದರ ಮಾಲೀಕರು ಬಂದರಿನ ಪೊಲೀಸ್ ಠಾಣೆಗೆ ಬಂದು, ಜೆಟ್ಟಿಯಲ್ಲಿ ಕಟ್ಟಿದ್ದ ತಮ್ಮ ಬೋಟಿನಿಂದ ಬೀಕನ್ ಕಳುವಾಗಿದೆ ಎಂದು ದೂರು ಕೊಟ್ಟರು. ಬೀಕನ್ ಎಂದರೆ ಒಂದು ಹಳದಿ ಡಬ್ಬಿ. ಕಡಲಿಗೆ ಬಿದ್ದರೆ ತಾನೇ ಚಾಲೂ ಆಗಿ, ಎಲ್ಲಿದ್ದೇನೆಂದು ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ತಿಳಿಸುತ್ತದೆ.

ಎಫ್‌ಐಆರ್ ಬರೆದವರು ಮುಖ್ಯಪೇದೆ. ಬರೆದದ್ದನ್ನು ಮರೆಯದ ಈ ಹೆಂಗಸಿಗೆ ಠಾಣೆಯವರು 'ನೆನಪಿನ ಪೆಟ್ಟಿಗೆ' ಎಂದು ಹೆಸರಿಟ್ಟಿದ್ದರು. ಡಬ್ಬಿಯ ನೋಂದಣಿ ಸಂಖ್ಯೆ ಬೇಕೇಬೇಕು ಎಂದು ಆಕೆ ಪಟ್ಟು ಹಿಡಿದಾಗ ಮಾಲೀಕರು ಗೊಣಗುತ್ತಲೇ ಹೋಗಿ ಕಾಗದ ತಂದರು.

12:15ಕ್ಕೆ ಇನ್‌ಸ್ಪೆಕ್ಟರ್ ಪಂಚನಾಮೆ ನಡೆಸಿದರು. ಬೀಕನ್ನಿನ ತಿರುಪುಗಳನ್ನು ಮುರಿದಿರಲಿಲ್ಲ, ಬಿಚ್ಚಿ ಸಾಲಾಗಿ ಇಟ್ಟಿದ್ದರು. ಅದರ ಕೊಕ್ಕೆಗೆ ಬಲೆ ಹೆಣೆಯುವ ನೀಲಿ ನೈಲಾನ್ ದಾರದ ತುಣುಕೊಂದು ಸಿಕ್ಕಿಕೊಂಡಿತ್ತು. ಈ ದಾರವನ್ನು ನಂಬಿದರೆ ಇಡೀ ಬಂದರನ್ನೇ ಬಂಧಿಸಬೇಕಾಗುತ್ತದೆ ಎಂದು ಪೇದೆಯೊಬ್ಬ ನಕ್ಕ. ಬೋಟು ಕಡಲಿಗೆ ಹೋಗಿ ಎಂಟು ತಿಂಗಳಾಯಿತೆಂದು ಕಾವಲುಗಾರ ಹೇಳಿದ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದುಕೊಂಡು ಇನ್‌ಸ್ಪೆಕ್ಟರ್ ಜೀಪು ಹತ್ತಿದರು.

ಗುರುವಾರ 11:10ಕ್ಕೆ ಅದೇ ಬೀಕನ್ ದಡದಿಂದ ಹದಿನೆಂಟು ಮೈಲಿ ಆಚೆಯಿಂದ ಉಪಗ್ರಹಕ್ಕೆ ಕೂಗಿತು. ರಕ್ಷಣಾ ಕೇಂದ್ರದವರು ನೋಂದಣಿಯಲ್ಲಿದ್ದ ಮಾಲೀಕರಿಗೆ ಫೋನ್ ಮಾಡಿದರು. ನನ್ನ ಬೋಟು ಜೆಟ್ಟಿಯಲ್ಲೇ ಇದೆ ಎಂದು ಅವರು ಪೂರ್ತಿ ಕೇಳಿಸಿಕೊಳ್ಳದೆಯೇ ಫೋನಿಟ್ಟರು. ಆ ತಿಂಗಳಲ್ಲಿ ಕೇಂದ್ರಕ್ಕೆ ಏಳು ಸುಳ್ಳು ಕರೆ ಬಂದಿದ್ದವು; ಇದು ಎಂಟನೆಯದೆಂದು ಬರೆದು ಮುಗಿಸುವ ಮುನ್ನ, ಬೋಟು ಇರುವುದು ನಿಜವೇ ಎಂದು ಠಾಣೆಗೊಂದು ಮಾತು ಕೇಳಿದರು. ಸಂಖ್ಯೆ ಕಿವಿಗೆ ಬಿದ್ದದ್ದೇ ತಡ, ಮುಖ್ಯಪೇದೆ ಎದ್ದು ಇನ್‌ಸ್ಪೆಕ್ಟರ್ ಸಾಹೇಬರ ಕೈಯಿಂದಲೇ ಫೋನ್ ತೆಗೆದುಕೊಂಡರು.

"ಬೋಟು ಜೆಟ್ಟಿಲಿದೆ ಸರ್, ಬೀಕನ್ ಇಲ್ಲ. ಸೋಮವಾರ ಕಳುವಿನ ಕೇಸಾಗಿದೆ. ಅದೀಗ ಯಾರ ಹತ್ರ ಇದೆಯೋ ಅವರು ನೀರಲ್ಲಿದ್ದಾರೆ."

ಕಳ್ಳ ತಮಾಷೆಗೆ ಒತ್ತಿದ್ದರೆ ಎಂದು ಆ ಕಡೆಯವರು ಕೇಳಿದರು.

"ದಡದಿಂದ ಹದಿನೆಂಟು ಮೈಲಿ ಹೋಗಿ ಯಾರೂ ತಮಾಷೆ ಮಾಡಲ್ಲ. ಕಳ್ಳನೇ ಆಗ್ಲಿ, ಮೊದ್ಲು ಮೇಲೆತ್ತಿ. ಆಮೇಲೆ ನಾವು ನೋಡ್ಕೋತೀವಿ."

12:02ಕ್ಕೆ ರಕ್ಷಣಾ ಹಡಗಿನವರಿಗೆ ಮಗುಚಿದ ಮೀನುಗಾರಿಕೆ ದೋಣಿ ಕಂಡಿತು. ಅದರ ಬೆನ್ನಿನ ಮೇಲೆ ನಾಲ್ವರಿದ್ದರು. ಈಜಿ ದಡ ಸೇರುತ್ತೇನೆಂದು ಹೊರಟಿದ್ದ ಒಬ್ಬನನ್ನು ದೋಣಿಯ ಚಾಲಕ ರಟ್ಟೆ ಹಿಡಿದು ಕೂರಿಸಿದ್ದ. ಆ ಚಾಲಕ ದಿಂಬು ಮಾಡಿಕೊಂಡು ಮಲಗುತ್ತಿದ್ದ ಹಳೆಯ ಲೈಫ್ ಜಾಕೆಟ್ಟಿಗೆ ನೀಲಿ ಬಲೆಯ ಚೀಲವೊಂದನ್ನು ಹೊಲಿಯಲಾಗಿತ್ತು. ಬೀಕನ್ ಅದರೊಳಗಿತ್ತು. ಸುದ್ದಿ ಕೇಳಿ ಠಾಣೆಯಲ್ಲಿ ಎಲ್ಲರೂ ಎದ್ದು ನಿಂತರು. ಮುಖ್ಯಪೇದೆ ಮಾತ್ರ ಕೂತು ಸೋಮವಾರದ ಎಫ್‌ಐಆರ್ ತೆರೆದರು.

2:30ಕ್ಕೆ ಕಂಬಳಿ ಹೊದ್ದು ಕೂತಿದ್ದ ಚಾಲಕನನ್ನು ಇನ್‌ಸ್ಪೆಕ್ಟರ್ ವಿಚಾರಿಸಿದರು.

"ಈ ಡಬ್ಬಿ ಎಲ್ಲಿ ಸಿಕ್ತು?"

"ಗೊತ್ತಿಲ್ಲ ಸಾರ್. ಜಾಕೆಟ್ ಚೆನ್ನಾಗಿ ತೇಲಲಿ ಅಂತ ಹೆಂಡ್ತಿ ಏನೋ ಕಟ್ಟಿದ್ಲು. ದಿಂಬು ಗಟ್ಟಿಯಾಯ್ತು ಅಂತ ಬೈದಿದ್ದೆ."

ಅವನ ಹೆಂಡತಿ ಬಲೆ ದುರಸ್ತಿಯವಳು. ಗಂಡ ದಡಕ್ಕೆ ಬಂದಾಗ ನಾಲ್ವರ ತಲೆಯನ್ನೂ ಮುಟ್ಟಿ ನೋಡಿ, ಬಲೆ ಹೊಲಿಯುವ ಶೆಡ್ಡಿಗೆ ವಾಪಸ್ ಹೋಗಿದ್ದಳು. 4:10ಕ್ಕೆ ಪೊಲೀಸರು ಹೋದಾಗ ಸೂಜಿಗಳನ್ನೆಲ್ಲ ಎತ್ತಿಟ್ಟು, ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ಡಬ್ಬಿ ಮಾಲೀಕರ ಹೆಸರಲ್ಲೇ ಕೂಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅದರಿಂದಾಗಿ ಕೇಂದ್ರದವರು ಇನ್ನೇನು ಸುಳ್ಳು ಕರೆಯೆಂದು ಬಿಟ್ಟುಬಿಡುವುದರಲ್ಲಿದ್ದರು ಎಂದು ಮುಖ್ಯಪೇದೆ ತಿಳಿಸಿದಾಗ ಅವಳ ಮುಖ ಬಿಳಿಚಿಕೊಂಡಿತು.

"ಯಾಕಮ್ಮಾ ಕದ್ದೆ?"

"ಆ ಬೋಟು ಹಗ್ಗ ಬಿಚ್ಚೋದೇ ಇಲ್ಲ ಅಕ್ಕಾ. ನಮ್ಮೋರು ದಿನಾ ಹೋಗ್ತಾರೆ."

"ಗಂಡನಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ವಾಪಸ್ ಕೊಟ್ಟು ಬರ್ತಿದ್ರು. ಅಂಥ ಮನುಷ್ಯ," ಎಂದಳು, ತಲೆ ಎತ್ತಿಯೇ.

ಕಳೆದ ವರ್ಷ ಅವಳ ಅಣ್ಣ ಕಡಲಲ್ಲಿ ತೀರಿಕೊಂಡ ಮೇಲೆ, ರಕ್ಷಣಾ ಪಡೆಯವರು ಮೀನು ಹರಾಜಿನ ಕಟ್ಟೆಯಲ್ಲಿ ಸುರಕ್ಷತೆಯ ಪಾಠ ಮಾಡಿದ್ದರು. ಹೋಗುವ ದಿಕ್ಕು ಹೇಳಿ ಹೊರಡಿ, ದೋಣಿ ಮಗುಚಿದರೆ ಅದನ್ನು ಬಿಡಬೇಡಿ ಎಂದು ಹೇಳಿ ಬೀಕನ್ನನ್ನೂ ತೋರಿಸಿದ್ದರು. ಮೀನಿಗೆ ಈಜು ಕಲಿಸ್ತಾರಂತೆ ಎಂದು ಗಂಡಸರು ನಕ್ಕಿದ್ದರು. ಮುಂದಿನ ಸಾಲಿನಲ್ಲಿ ಕೂತು ಅವಳು ಮಾತ್ರ ಪೂರ್ತಿ ಕೇಳಿದ್ದಳು, ಮನೆಯಲ್ಲಿ ಗಂಡನಿಗೆ ನೂರು ಸಲ ಹೇಳಿದ್ದಳು.

4:40ಕ್ಕೆ ಮುಖ್ಯಪೇದೆ ಅವಳನ್ನು ಬಂಧಿಸಿದರು. ಹೊರಗೆ ಗಂಡ ಲೈಫ್ ಜಾಕೆಟ್ ತೊಟ್ಟು, ಪಟ್ಟಿಗಳನ್ನೆಲ್ಲ ಬಿಗಿದುಕೊಂಡು ನಿಂತಿದ್ದ. ಅವನ ಹಿಂದೆ ದೋಣಿಯ ಉಳಿದ ಮೂವರೂ ಇದ್ದರು. ಜಾಮೀನಿಗೆ ನಾವು ನಾಲ್ವರೂ ಬರುತ್ತೇವೆ ಎಂದು, ಸೇರಿದ್ದ ಜನರಿಗೆಲ್ಲ ಕೇಳುವ ಹಾಗೆ ಗಂಡ ಹೇಳಿದ.

ಸಂಜೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ಬರೆದರು. ಪತ್ತೆ ಮಾಡಿದವರು ಎಂಬಲ್ಲಿ ತಮ್ಮ ಹೆಸರು ಬಿಟ್ಟು ಮುಖ್ಯಪೇದೆಯ ಹೆಸರು ಹಾಕಿದರು. ಕೃತ್ಯದ ಕಾರಣ ಎಂಬಲ್ಲಿ ಬರೆದರು: ಆರೋಪಿಯ ಅಣ್ಣನನ್ನು ಹುಡುಕಲು ಎರಡು ದಿನ ಹಿಡಿದಿತ್ತು. ಗಂಡನನ್ನು ಹುಡುಕಲು ಐವತ್ತೆರಡು ನಿಮಿಷ.