ಬಾಯಿ ಮುಚ್ಚಿದ ಬಳಚು

“ಇನ್ನೂ ಜೋರಾಗಿ ಊದು!” ಎಂದು ಖುಬೈಬ್ ಕೂಗಿದ.

ಅಕ್ಕ ಶಾಝಿಯಾ ಸ್ಟ್ರಾ ಕಚ್ಚಿಕೊಂಡು ಜಾರಿನಲ್ಲಿದ್ದ ಸಮುದ್ರದ ನೀರಿಗೆ ಗುಳುಗುಳು ಊದಿದಳು. ತಳದ ಮರಳಿನಲ್ಲಿ ಜೀವಂತ ಬಳಚು ಒಂದಿತ್ತು, ಎರಡು ಚಿಪ್ಪುಗಳ ಪುಟ್ಟ ಜೀವಿ. ಬೆಳಿಗ್ಗೆ ಅಬ್ಬಾನ ಜೊತೆ ಮಮ್ಝರ್ ಬೀಚಿಗೆ ಹೋಗಿ ಹುಡುಕಿ ತಂದದ್ದು.

ನಾಳೆ ಸ್ಕೂಲಿನಲ್ಲಿ ಸೈನ್ಸ್ ಎಕ್ಸಿಬಿಷನ್. ಕ್ಲಾಸಿನ ಸ್ಪಂದನಾಳದು ಜ್ವಾಲಾಮುಖಿ, ಅಮೋಘನದು ರೋಬೋ. ಜೀವ ಇರುವ ಪ್ರಾಜೆಕ್ಟ್ ತನ್ನದೊಂದೇ ಎಂದು ಶಾಝಿಯಾ ಕ್ಲಾಸಿಗೆಲ್ಲ ಹೇಳಿಯಾಗಿತ್ತು.

“ಊದಿದ್ರೆ ಏನಾಗ್ತದೆ?”

“ನಮ್ಮ ಉಸಿರಲ್ಲಿ ಕಾರ್ಬನ್ ಡೈಆಕ್ಸೈಡ್ ಉಂಟಲ್ಲ, ಅದು ಸೇರಿದ್ರೆ ನೀರು ಸ್ವಲ್ಪ ಆಸಿಡ್ ಥರ ಆಗ್ತದೆ. ಕಾರಿನ ಹೊಗೆ, ಫ್ಯಾಕ್ಟರಿ ಹೊಗೆಯಿಂದ ಸಮುದ್ರಕ್ಕೂ ಹಾಗೇ ಆಗ್ತಾ ಉಂಟಂತೆ. ಆಗ ಇವಕ್ಕೆ ಚಿಪ್ಪು ಕಟ್ಲಿಕ್ಕೆ ಕಷ್ಟ. ಮ್ಯಾಮ್ ಹೇಳಿದ್ರು.”

“ಬ್ಲಾಸ್ಟ್ ಆಗಲ್ವಾ?”

“ಇಲ್ಲ ಮಾರಾಯಾ!”

“ಸೋ ಬೋರಿಂಗ್!”

ಇಷ್ಟು ಹೊತ್ತೂ ಬಳಚು ಬಾಯಿ ಚೂರು ತೆರೆದು, ಎರಡು ಪುಟಾಣಿ ಕೊಳವೆಗಳನ್ನು ಚಾಚಿ ನೀರು ಹೀರುತ್ತಿತ್ತು. ಈಗ ಕೊಳವೆಗಳನ್ನು ಒಳಗೆಳೆದುಕೊಂಡು ಗಟ್ಟಿಯಾಗಿ ಮುಚ್ಚಿಕೊಂಡಿತು.

ಶಾಝಿಯಾ ಊದುವುದನ್ನು ನಿಲ್ಲಿಸಿ ಕಾದಳು. ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ ಬಂದು ನೋಡಿದರೂ ಅದು ತೆರೆದಿರಲಿಲ್ಲ.

“ಸತ್ತುಹೋಯ್ತಾ?” ಖುಬೈಬ್ ಪಿಸುಗುಟ್ಟಿದ.

“ಇಲ್ಲ. ಒಳಗೇ ಕೂತಿದೆ.”

“ಎಷ್ಟು ಹೊತ್ತು ಕೂರ್ತದೆ?”

ಅದು ಅವಳಿಗೂ ಗೊತ್ತಿರಲಿಲ್ಲ. ನಾಳೆ ಬಂದವರೆಲ್ಲ ಒಂದೊಂದು ಸಲ ಊದಲಿ ಎಂದು ಅವಳೇ ಸ್ಟ್ರಾಗಳ ದೊಡ್ಡ ಪ್ಯಾಕೆಟ್ ತೆಗೆದಿಟ್ಟಿದ್ದಳು. ಆ ಪ್ಯಾಕೆಟ್ಟನ್ನು ಮತ್ತೆ ಒಳಗಿಟ್ಟು, ಜಾರ್ ಎತ್ತಿಕೊಂಡು ಅಬ್ಬಾನ ಹತ್ತಿರ ಹೋದಳು.

“ಅಬ್ಬಾ, ಬೀಚಿಗೆ ಹೋಗುವಾ? ಇದನ್ನು ವಾಪಸ್ ಬಿಡಬೇಕು.”

“ಮತ್ತೆ ನಾಳೆ ಏನು ತೋರಿಸ್ತಿ? ನನ್ನ ಬೋಳು ತಲೆಯಾ?”

ಶಾಝಿಯಾ ನಗಲಿಲ್ಲ. “ಖಾಲಿ ಜಾರ್.”

ಅಬ್ಬಾ ಅವಳ ಮುಖ ನೋಡಿದರು. ಕಾರಿನ ಕೀ ತೆಗೆದುಕೊಂಡರು. “ಯಲ್ಲಾ, ಹೊರಡುವಾ. ಚಪ್ಪಲಿ ಹಾಕು.”

ಬೀಚಿನಲ್ಲಿ ಸಂಜೆಯಾದರೂ ಸೆಕೆ ಇಳಿದಿರಲಿಲ್ಲ. ಅಬ್ಬಾ ಮತ್ತು ಖುಬೈಬ್ ಎಸಿ ಹಾಕಿಕೊಂಡು ಕಾರಿನಲ್ಲೇ ಉಳಿದರು. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಶಾಝಿಯಾ ಮರಳು ತೋಡಿ ಬಳಚನ್ನು ಇಟ್ಟಳು. ಅಲೆಯೊಂದು ಬಂದು ಗುಂಡಿ ಮುಚ್ಚಿತು. ಅದು ಬಾಯಿ ತೆರೆಯಿತೋ ಇಲ್ಲವೋ, ಕಾಣಲಿಲ್ಲ.

ಹಿಂತಿರುಗಿ ನೋಡಿದಳು. ಪಾರ್ಕಿಂಗಿನಲ್ಲಿ ಕಾರುಗಳ ಸಾಲು. ಯಾವುದೂ ಎಲ್ಲಿಗೂ ಹೋಗುತ್ತಿರಲಿಲ್ಲ. ಎಲ್ಲದರ ಎಂಜಿನ್ ಮಾತ್ರ ಗುರ್ ಎನ್ನುತ್ತ ಹೊಗೆ ಬಿಡುತ್ತಿತ್ತು. ಅದರಲ್ಲೊಂದು ಅಬ್ಬಾನದು.

ಕಾರು ಹತ್ತಿ ಕೂತಳು. “ಅಬ್ಬಾ, ಆಫ್ ಮಾಡ್ತೀರಾ?”

“ಬೆಂದುಹೋಗ್ತೇವೆ ಮಗಾ.”

“ಸ್ವಲ್ಪ ಹೊತ್ತು.”

ಅಬ್ಬಾ ಎಂಜಿನ್ ಆಫ್ ಮಾಡಿ ಗಾಜು ಇಳಿಸಿದರು. “ಅಯ್ಯೋ ಸೆಕೆ!” ಎಂದು ಖುಬೈಬ್ ಚೀರಿದ.

ಅಲೆಗಳ ಸದ್ದು ಮೆಲ್ಲಗೆ ಕಾರಿನೊಳಕ್ಕೆ ಬಂತು. ಅಕ್ಕಪಕ್ಕದ ಕಾರುಗಳು ಗುರ್ ಎನ್ನುತ್ತಲೇ ಇದ್ದವು. ಶಾಝಿಯಾ ಕಿಟಕಿಗೆ ತಲೆಯೊರಗಿಸಿ ಎರಡನ್ನೂ ಕೇಳುತ್ತ ಕೂತಳು.