ಬಂಡೂನ ಕಡೆಯ ಹಾಳೆ

"ಮುಂದ ಏನಾತು?" ಎಂದು ಅವ್ವ ಕೇಳಿದಾಗ ಜಯಮಾಲಾ ಪುಸ್ತಕದ ಕಡೆಯ ಹಾಳೆಯ ಮೇಲೆ ಅಂಗೈ ಊರಿ ಕುಳಿತಿದ್ದಳು.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಮರಾಠಿ ಓದಲು ಬರುವುದಿಲ್ಲ. ಅದಕ್ಕೇ ಜಯಮಾಲಾ ಒಂದೊಂದು ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದಳು. ಕನ್ನಡ ಸಿಗದ ಕಡೆ ಮರಾಠಿಯನ್ನೇ ತುರುಕಿಬಿಡುತ್ತಿದ್ದಳು.

ಇದು ಶಾಲೆಯ ರೀಡಿಂಗ್ ಚಾಲೆಂಜ್. ಲೈಬ್ರರಿಯ ಪುಸ್ತಕವನ್ನು ಮನೆಯವರೊಬ್ಬರಿಗೆ ಓದಿ ಹೇಳಬೇಕು. ಶನಿವಾರ ಇಬ್ಬರೂ ಕ್ಲಾಸಿಗೆ ಬಂದು, ಏನನ್ನಿಸಿತು ಎಂದು ಹೇಳಬೇಕು. ಹೋದ ವರ್ಷ ಮಕ್ಕಳೆಲ್ಲ ಬರೀ ಚಿತ್ರ ನೋಡಿ "ಖೂಪ್ ಛಾನ್, ತುಂಬಾ ಚೆಂದ" ಎಂದು ಪಾರಾಗಿದ್ದರು. ಶಿಂದೆ ಮೇಡಂ ಏನು ಕಡಿಮೆಯೇ? ಈ ಸಲ ಈ ಉಪಾಯ ಹೂಡಿದ್ದರು.

ಪುಸ್ತಕದ ಬಂಡೂ ಪುಟ್ಟ ಹುಡುಗ, ಮಹಾ ಕಿಲಾಡಿ. ಅಪ್ಪನ ಚಪ್ಪಲಿಯನ್ನು ನೀರಿನ ಡ್ರಮ್ಮಿಗೆ ಹಾಕುತ್ತಾನೆ. ತನ್ನ ಟೋಪಿಯನ್ನು ಮೇಕೆಗೆ ತೊಡಿಸುತ್ತಾನೆ.

"ಥೇಟ್ ನಮ್ಮ ಸಂಗೂನಂಗ ಅದಾನ ನೋಡು," ಎಂದು ಅವ್ವ ನಕ್ಕಿದ್ದಳು.

ಸಂಗು ಎಂದರೆ ಸಂಗಮನಾಥ, ಜಯಮಾಲಾಳ ತಮ್ಮ. ಮಳೆಗಾಲದಲ್ಲಿ ಅವನಿಗೆ ಜೋರು ಜ್ವರ ಬಂದಿತ್ತು. ಅವ್ವ, ಅಪ್ಪ ಅವನನ್ನು ಎತ್ತಿಕೊಂಡು, ತಾವು ದುಡಿಯಲು ಬಂದಿದ್ದ ಸಿನ್ನರ್‌ನಿಂದ ನಾಸಿಕದ ದವಾಖಾನೆಗೆ ಹೋದರು. ಅಲ್ಲಿಂದ ಹಾಗೇ ಕಲಬುರಗಿ ಕಡೆಯ ತಮ್ಮ ಊರಿಗೆ ಹೋದರು. ಅವರು ತಿರುಗಿ ಬರುವವರೆಗೆ ಜಯಮಾಲಾ ಪಕ್ಕದ ಶೆಡ್ಡಿನ ಶಾಂತಾಬಾಯಿಯ ಹತ್ತಿರ ಇದ್ದಳು. ಬರುವಾಗ ಇಬ್ಬರೇ ಬಂದರು. ಸಂಗೂನನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದೇವೆ ಎಂದರು.

ಅಂದಿನಿಂದ ಅವ್ವ ನಕ್ಕಿದ್ದೇ ಇಲ್ಲ. ಸೈಟಿನಲ್ಲಿ ಇಟ್ಟಿಗೆ ಹೊರುವುದು, ಬಂದು ರೊಟ್ಟಿ ಬಡಿಯುವುದು, ಗೋಡೆಗೆ ಮುಖ ಮಾಡಿ ಮಲಗುವುದು. ಈ ವಾರ ಮಾತ್ರ, ಬಂಡೂನ ದೆಸೆಯಿಂದ, ದಿನಾ ಸಂಜೆ ನಗುತ್ತಿದ್ದಳು. ಜಯಮಾಲಾಳಿಗೆ ಅದನ್ನು ನೋಡುವುದೇ ಒಂದು ಹಬ್ಬವಾಗಿತ್ತು.

ಆದರೆ ಕಡೆಯ ಹಾಳೆಯಲ್ಲಿ ಬಂಡೂ ಸತ್ತುಹೋಗುತ್ತಾನೆ. ಅವನ ಅಕ್ಕ ಅವನ ಟೋಪಿಯನ್ನು ಮೇಕೆಗೆ ತೊಡಿಸಿ ಅದರ ಪಕ್ಕ ಕೂರುತ್ತಾಳೆ. ಅಷ್ಟೇ ಕತೆ. ಇದನ್ನು ಬರೆದವರ ಮೇಲೆ ಜಯಮಾಲಾಳಿಗೆ ಕೆಟ್ಟ ಸಿಟ್ಟು ಬಂತು.

ಅವ್ವನ ಮುಖದಲ್ಲಿ ನಗು ಇನ್ನೂ ಉಳಿದಿತ್ತು.

"ಮುಂದ ಅಂವ ಆರಾಮ ಆದ," ಎಂದಳು ಜಯಮಾಲಾ. "ಅವರವ್ವ ಅವನ್ನ ಅಜ್ಜಿ ಹತ್ರ ಬಿಟ್ಟು ಬಂದ್ಳು. ಅಲ್ಲೇ ಮಜಾದಾಗ ಅದಾನ."

ಬಡಿಯುತ್ತಿದ್ದ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂದರೂ ಅವ್ವ ಅದನ್ನು ತಿರುವಿ ಹಾಕಲಿಲ್ಲ.

"ಛಲೋ ಆತು," ಎಂದಳು ಕೊನೆಗೆ.

ಶುಕ್ರವಾರ ಜಯಮಾಲಾಳಿಗೆ ಒಂದು ಸಂಗತಿ ಗೊತ್ತಾಯಿತು. ಅದೇ ಪುಸ್ತಕವನ್ನು ಕ್ಲಾಸಿನ ತನ್ಮಯ ಮೊದಲೇ ಓದಿದ್ದ. ಕೆಲಸ ಬಿಟ್ಟು ಶಾಲೆಗೆ ಬರಬೇಡ ಎಂದು ಅವ್ವನಿಗೆ ಪರಿಪರಿಯಾಗಿ ಹೇಳಿದಳು. ಅವ್ವ ಕೇಳಲಿಲ್ಲ. ಸೈಟಿನ ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮನಿಗೆ ಹೇಳಿ ರಜೆ ಪಡೆದು, ಹಬ್ಬದ ಸೀರೆ ಉಟ್ಟು ಬಂದಳು.

ಹರುಕು ಮುರುಕು ಮರಾಠಿಯಲ್ಲಿ ಅವ್ವ ಮೇಕೆಯ ಟೋಪಿಯ ಕತೆ ಹೇಳಿದಾಗ ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವ್ವನೂ ನಕ್ಕಳು. ಏನು ಬಹಳ ಹಿಡಿಸಿತು ಎಂದು ಮೇಡಂ ಕೇಳಿದರು. ಹುಡುಗ ಅಜ್ಜಿಯ ಹತ್ತಿರ ಆರಾಮಾಗಿ ಇದ್ದಾನಲ್ಲ, ಅದು ಹಿಡಿಸಿತು ಎಂದಳು ಅವ್ವ.

ತನ್ಮಯ ಎದ್ದು ನಿಂತ. ಹಾಗಿಲ್ಲ ಮೇಡಂ, ಕೊನೆಗೆ ಬಂಡೂ ಸಾಯುತ್ತಾನೆ ಎಂದ. ಅವನು ಕೆಟ್ಟ ಹುಡುಗನೇನಲ್ಲ, ಓದಿದ್ದನ್ನು ಹೇಳಿದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಗದರಿಸಿ ಸುಮ್ಮನಾಗಿಸಿದರು.

ಅವ್ವ ಮಗಳನ್ನು ಒಮ್ಮೆ ನೋಡಿ, ಸೆರಗು ಎಳೆದುಕೊಂಡು ಕುಳಿತಳು. ಜಯಮಾಲಾಳಿಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಯಿತು. ಅವಳ ಸರದಿ ಬಂದಾಗ ಬಾಯಿಗೆ ಬಂದದ್ದು "ಖೂಪ್ ಛಾನ್" ಎಂಬ ಎರಡೇ ಮಾತು.

ಮನೆಯ ದಾರಿಯಲ್ಲಿ ಫ್ಯಾಕ್ಟರಿಗಳ ಟ್ರಕ್ಕುಗಳು ಧೂಳೆಬ್ಬಿಸುತ್ತಿದ್ದವು. ಅವ್ವ ಬೈಯುತ್ತಾಳೆ ಎಂದು ಜಯಮಾಲಾ ಕಾದಳು.

"ಯಾಕ ಬದಲಿ ಮಾಡಿ ಹೇಳಿದಿ?"

"ನೀ ಅಳ್ತಿ ಅಂತ."

ಅವ್ವ ಟ್ರಕ್ಕಿನ ಬದಿಯಿಂದ ಅವಳನ್ನು ಈಚೆ ಎಳೆದುಕೊಂಡಳು. ಮಗಳ ಕೈ ಹಿಡಿದು ನಡೆದಳು.

"ಅಜ್ಜಿ ಹತ್ರ ಬಿಟ್ಟು ಬಂದ್ಳು." ಆ ಮಾತು ತನಗೆ ಎಲ್ಲಿಂದ ಸಿಕ್ಕಿತು ಎಂದು ಜಯಮಾಲಾ ಯೋಚಿಸಿದಳು. ತಾನೇ ಕಟ್ಟಿದ್ದೆಂದುಕೊಂಡಿದ್ದಳು. ಆದರೆ ಅದು ಸಂಗೂನ ಬಗ್ಗೆ ಅವ್ವ, ಅಪ್ಪ ಮೊದಲೇ ಹೇಳಿದ್ದ ಮಾತು.

ಸಂಗೂನ ಜೊತೆ ಮಾತಾಡಬೇಕು ಎಂದಾಗಲೆಲ್ಲ ಅಜ್ಜಿಯ ಫೋನು ಕೆಟ್ಟಿರುತ್ತಿತ್ತು. ಸಂಗೂನ ಸ್ವೆಟರ್ ಈಗ ಶಾಂತಾಬಾಯಿಯ ಮೊಮ್ಮಗನ ಮೈಮೇಲಿತ್ತು. ಮತ್ತೆ ಟ್ರಂಕಿನಲ್ಲಿ, ಅವ್ವನ ಸೀರೆಯ ಕೆಳಗೆ, ಬೆಳ್ಳಿಯ ಗುಂಡು ಪೋಣಿಸಿದ ಅವನ ಉಡದಾರ. ಸೊಂಟದ ಆ ಕರಿ ದಾರವನ್ನು ಅವರ ಕಡೆ ಸ್ನಾನಕ್ಕೂ ಬಿಚ್ಚುವುದಿಲ್ಲ. ಹೊಸದು ಕಟ್ಟಿದ ಮೇಲೇ ಹಳೆಯದನ್ನು ಕತ್ತರಿಸುತ್ತಾರೆ. ಸತ್ತವರ ಸೊಂಟದಿಂದ ಮಾತ್ರ ತೆಗೆಯುತ್ತಾರೆ ಎಂದು ಅಜ್ಜಿ ಹೇಳಿದ್ದಳು. ದೀಪಾವಳಿಯಲ್ಲಿ ಅದನ್ನು ಕಂಡಾಗ ಜಯಮಾಲಾ ಟ್ರಂಕಿನ ಮುಚ್ಚಳವನ್ನು ಬೇಗ ಹಾಕಿಬಿಟ್ಟಿದ್ದಳು.

"ಅವ್ವಾ, ಸಂಗು..."

ಅವ್ವ ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದು ಬೇಗ ಬೇಗ ನಡೆದಳು.

ಶೆಡ್ಡಿಗೆ ಬಂದ ಮೇಲೆ ಅವ್ವ ಸೀರೆಯನ್ನೂ ಬದಲಿಸಲಿಲ್ಲ. ಟ್ರಂಕು ತೆರೆದು ಉಡದಾರವನ್ನು ಮುಷ್ಟಿಯಲ್ಲಿ ಹಿಡಿದು ಹೊಸ್ತಿಲ ಹತ್ತಿರ ಕುಳಿತಳು.

"ಪುಸ್ತಕ ತಗಿ," ಎಂದಳು. "ಕಡೀ ಹಾಳಿ ಓದು. ಇದ್ದಂಗ ಓದು."

ಜಯಮಾಲಾ ಮರಾಠಿಯ ಒಂದು ಸಾಲು ಓದಿಕೊಂಡಳು, ಕನ್ನಡದಲ್ಲಿ ಹೇಳಿದಳು. ಮತ್ತೊಂದು ಓದಿಕೊಂಡಳು, ಹೇಳಿದಳು. ಕನ್ನಡ ಸಿಗದ ಕಡೆ ಅವ್ವ ಕಾದಳು. ಟೋಪಿ ತೊಟ್ಟ ಮೇಕೆಯವರೆಗೆ ಜಯಮಾಲಾ ಎಲ್ಲವನ್ನೂ ಓದಿದಳು.

ಸಂಗು ಯಾವಾಗ ಬರುತ್ತಾನೆ ಎಂದು ಅವಳು ಕೇಳಲಿಲ್ಲ. ಪುಸ್ತಕ ಮುಚ್ಚಿಟ್ಟು, ಸರಿದು ಬಂದು, ಅವ್ವನ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿದಳು. ಉಡದಾರದ ಮೇಲೆ ತನ್ನ ಕೈಯನ್ನೂ ಇಟ್ಟಳು.