ಎದೆಹಾಲಿನ ವಾಸನೆ

"ಆ ಮೂಲೆ ಒಂದು ಬಿಟ್ಟು ಎಲ್ಲಿ ಬೇಕಾದ್ರೂ ಅಗೀರಮ್ಮ," ಎಂದಳು ಹೊಲದೊಡತಿಯಾದ ಮುದುಕಿ. "ಸತ್ತ ಮಗೂನ ಒಬ್ಬ ತಾಯಿ ಮಾಟ ಮಾಡಿ ಅಲ್ಲಿ ಕಟ್ಟಿಟ್ಟಿದಾಳೆ. ಅದನ್ನ ಮುಟ್ಟಿದೋರ ಮಗೂನ ಅವಳು ಬಿಡಲ್ಲ."

ಪುರಾತತ್ವ ಇಲಾಖೆಯಿಂದ ಬಂದಿದ್ದವಳು ನಕ್ಕಳು. ಆ ಹೊಲದ ಮೇಲೆ ಹೆದ್ದಾರಿ ಹಾಯಲಿತ್ತು. ಅದಕ್ಕೆ ಮೊದಲು ನೆಲದಡಿ ಏನಿದೆಯೆಂದು ಅಗೆದು ನೋಡುವುದು ಅವಳ ಕೆಲಸ. "ನಾವು ಬಿಟ್ರೂ ಬುಲ್ಡೋಜರ್ ಬಿಡಲ್ಲ ಅಜ್ಜಿ. ಅದಕ್ಕೆಲ್ಲಿಯ ಮಕ್ಕಳು?" ಎಂದಾಗ ಕೂಲಿಯವರೂ ಕಿಸಕ್ಕೆಂದರು. ಮುದುಕಿ ಮಕ್ಕಳೆಷ್ಟು ಎಂದು ಮಾತ್ರ ಕೇಳಿದಳು. ಒಬ್ಬಳೇ ಮಗಳು, ದೊಡ್ಡಮ್ಮನ ಜೊತೆ ಮನೆಯಲ್ಲಿದ್ದಾಳೆ ಎಂದು ತಿಳಿದಾಗ ತಲೆ ತಗ್ಗಿಸಿಕೊಂಡು ಹೊರಟುಹೋದಳು.

ಆ ಮೂಲೆಯಲ್ಲಿ ಉತ್ತ ಮಣ್ಣಿನ ಕೆಳಗೆ ಜೇಡಿ, ಜೇಡಿಯ ಕೆಳಗೆ ಕಾಡಿಗೆಯಂತಹ ಕಪ್ಪು ಮಣ್ಣು. ಮಧ್ಯಾಹ್ನ ಅವಳ ಕರಣೆ ಒಂದು ಮಡಿಕೆಗೆ ತಾಗಿತು. ಬಾಯಿಗೆ ಮೇಣ ಮೆತ್ತಿತ್ತು. ಕತ್ತಿನ ಸುತ್ತ ಹೆಣ್ಣಿನ ನೀಳ ಕೂದಲನ್ನು ಬಿಗಿದು ಸುತ್ತಿತ್ತು. ಮಣ್ಣೊಳಗೆ ಅಷ್ಟು ಕಾಲ ಇದ್ದರೂ ಕೂದಲಿಗೆ ಎಣ್ಣೆಯ ಪಸೆ ಆರಿರಲಿಲ್ಲ. ಅವಳು ಅದನ್ನು ಕತ್ತರಿಸಿ, ಬಾಯಿಯ ಮೇಣ ಕೆರೆದು ತೆಗೆದಳು.

ಗುಂಡಿಯೊಳಗೆ ಕತ್ತಲೆ ಇಳಿಯಿತು. ಮೇಲೆ ಬಡಿದುಕೊಳ್ಳುತ್ತಿದ್ದ ಟಾರ್ಪಾಲು ತಟ್ಟನೆ ಸುಮ್ಮನಾಯಿತು. ಮಡಿಕೆಯಿಂದ ಬೆಚ್ಚಗಿನ ವಾಸನೆಯೊಂದು ಎದ್ದು ಬಂದು ಮುಖಕ್ಕೆ ತಾಗಿತು. ಎದೆಹಾಲಿನ ವಾಸನೆ. ಒಳಗೆ ಹಸುಗೂಸಿನ ಮೂಳೆಗಳಿದ್ದವು. ಯಂತ್ರದ ಕೆಳಗೆ ಪುಡಿಯಾಗುವುದಕ್ಕಿಂತ ಇದೇ ವಾಸಿ ಎಂದುಕೊಂಡು ಅವನ್ನು ಹತ್ತಿಯಲ್ಲಿ ಸುತ್ತಿ, ಮಡಿಕೆಯೊಳಗೇ ಇಟ್ಟು ಕಾರಿಗೆ ಹಾಕಿಕೊಂಡಳು.

ಸಂಜೆ ಮನೆಗೆ ಬಂದರೆ ಮಗಳ ಮೈ ಕಾದ ಕಬ್ಬಿಣ. ಅವಳನ್ನು ಕಂಡು ಮಗುವಿನ ಮುಖ ಅರಳಿತು.

"ಅಮ್ಮ ಬಂದ್ಲು."

"ಹೂಂ ಕಂದ, ಬಂದೆ."

"ನೀವಲ್ಲ. ನಿಮ್ಮ ಹಿಂದೆ ಇದಾಳಲ್ಲ, ಅವಳು."

ಅವಳ ಹಿಂದೆ ಬರಿಯ ಗೋಡೆಯಿತ್ತು. ಕೋಣೆಯ ತುಂಬ ಅದೇ ವಾಸನೆ.

ಡಾಕ್ಟರಿಗೆ ಏನೂ ಸಿಗಲಿಲ್ಲ. ಮಗು ತುತ್ತು ಮುಟ್ಟಲಿಲ್ಲ. "ಅಮ್ಮ ಕರೀತಿದಾಳೆ, ಹೋಗ್ಬೇಕು," ಎಂದು ಗೋಡೆಯ ಕಡೆಗೆ ಕೈ ಚಾಚುತ್ತಿತ್ತು. ಆ ಕೈ ಬೆರಳಿನ ತುದಿಯಿಂದ ತಣ್ಣಗಾಗತೊಡಗಿದಾಗ ಅವಳು ಮಡಿಕೆಯನ್ನು ಎದೆಗವುಚಿಕೊಂಡು ಹೊಲಕ್ಕೆ ಧಾವಿಸಿ ಮುದುಕಿಯ ಕಾಲು ಹಿಡಿದಳು.

ಮುದುಕಿ ಬೈಯಲಿಲ್ಲ. ಹೆದ್ದಾರಿಗೆ ಹಾಕಿದ್ದ ಗುರುತಿನಾಚೆ ತೋಡಿಟ್ಟಿದ್ದ ಗುಂಡಿ ತೋರಿಸಿ, ಕತ್ತರಿ ಕೈಗಿಟ್ಟಳು.

"ಮತ್ತೆ ಕಟ್ಟೋಕೆ ನಿನ್ನ ಕೂದಲೇ ಆಗ್ಬೇಕು. ಕಟ್ಟಿದ ಮೇಲೆ ಈ ಕೂಸಿಗೆ ನೀನೇ ತಾಯಿ. ಮನೇಲಿರೋ ಆ ಕೂಸಿಗಲ್ಲ. ಯೋಚನೆ ಮಾಡು."

"ಅವಳು ಉಳೀತಾಳಾ?"

"ಉಳೀತಾಳೆ."

ಅವಳು ಜಡೆ ಕತ್ತರಿಸಿದಳು. ಸುತ್ತಿದಳು. ಎಳೆ ಜಾರಿತು. ಮಡಿಕೆಯೊಳಗಿಂದ ಬಿಕ್ಕುವ ಸದ್ದು. ಬೆನ್ನಿಗೆ ಯಾರದೋ ಉಸಿರು. ತಿರುಗಲಿಲ್ಲ. ಮತ್ತೆ ಸುತ್ತಿದಳು. ಗಂಟು ಬಿಗಿದಳು. ಬಿಕ್ಕು ನಿಂತಿತು. ಎದೆಯೊಳಗೆ ಏನೋ ಕಿತ್ತುಬಂದಂತಾಯಿತು. ಮಣ್ಣು ಎಳೆದಳು. ಓಡಿದಳು.

ಮಗಳು ಅಕ್ಕನ ಮಡಿಲಲ್ಲಿ ಕೂತು ಊಟ ಮಾಡುತ್ತಿದ್ದಳು. ಜ್ವರ ಬಿಟ್ಟಿತ್ತು. ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತವಳನ್ನು ನೋಡಿ, "ದೊಡ್ಡಮ್ಮ, ಯಾರೋ ಬಂದಿದಾರೆ," ಎಂದಳು.

ಅಕ್ಕ ಎಷ್ಟು ತಿಳಿಹೇಳಿದರೂ ಆಗಲಿಲ್ಲ. ಫೋಟೋಗಳನ್ನು ತೋರಿಸಿದರೆ ಮಗು ತನ್ನನ್ನು ಮಾತ್ರ ಗುರುತಿಸಿತು. ಒತ್ತಾಯ ಮಾಡಿದರೆ ಹೆದರಿ ಅಳುತ್ತಿತ್ತು. ಕಡೆಗೆ ಅವಳೇ ಬೇಡವೆಂದಳು. ಅದೇ ಮನೆಯಲ್ಲಿ, ಅದೇ ಕೋಣೆಯಲ್ಲಿ, ಮಗಳಿಗೆ ಆಂಟಿಯಾಗಿ ಉಳಿದಳು.

ಒಂದು ಬೆಳಗ್ಗೆ ಸ್ಕೂಲಿಗೆ ಜಡೆ ಹಾಕುತ್ತಿದ್ದಾಗ ಮಗು ಕೇಳಿತು.

"ಆಂಟಿ, ನಮ್ಮಮ್ಮನ್ನ ನೀವು ನೋಡಿದೀರಾ?"

ಅವಳು ಮಗುವಿನ ತಲೆಯನ್ನು ಮೆಲ್ಲಗೆ ಮುಂದಕ್ಕೆ ತಿರುಗಿಸಿದಳು, ತನ್ನ ಮುಖ ಕಾಣದ ಹಾಗೆ.

"ನೋಡಿದೀನಿ, ಪುಟ್ಟಿ. ನಿನ್ನ ಕಂಡ್ರೆ ಅವಳಿಗೆ ಪ್ರಾಣ."